ಮೂರು ಗಂಟೆಯ ಊಟ

ಮೂಡುಬಿದಿರೆಯಿಂದ ಪುತ್ತಿಗೆ ಕಡೆಗೆ ಹೋಗುವ ದಾರಿಯಲ್ಲಿ, ಹಿಂದೆ ಟಯರ್ ಪಂಕ್ಚರ್ ಹಾಕುತ್ತಿದ್ದ ಒಂದು ಕೋಣೆಯಲ್ಲಿ ಈಗ ಫಿಲಿಪೈನ್ಸ್ ದೇಶದ ಊಟ ಸಿಗುತ್ತದೆ ಎಂದರೆ ನಮ್ಮ ಊರಿನವರೇ ನಂಬುವುದಿಲ್ಲ. ನಂಬದಿದ್ದರೆ ಅವರದು ತಪ್ಪೂ ಅಲ್ಲ. ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿರುವುದು ನೂಡಲ್ಸ್, ಫ್ರೈಡ್ ರೈಸ್, ಗೋಬಿ ಮಂಚೂರಿ. ಕೆಳಗೆ ಮೂಲೆಯಲ್ಲಿ ನಾಚಿಕೊಂಡ ಹಾಗೆ ಸಣ್ಣ ಅಕ್ಷರದಲ್ಲಿ 'ಫಿಲಿಪಿನೋ ಊಟ ಉಂಟು' ಎಂದಿದೆ. ಕಾಲೇಜಿನ ಮಕ್ಕಳು ಬಂದು ನೂಡಲ್ಸ್ ತಿಂದು ಹೋಗುತ್ತಾರೆ. ಆ ಸಣ್ಣ ಅಕ್ಷರವನ್ನು ಓದಿ ಒಳಗೆ ಹೋದವನು ಬಹುಶಃ ನಾನೊಬ್ಬನೇ.

ನಡೆಸುವವರು ಒಬ್ಬ ಹೆಂಗಸು. ಊರು ಮನಿಲಾದಿಂದ ಬಸ್ಸಿನಲ್ಲಿ ಒಂದು ಹಗಲಿನ ದಾರಿಯಂತೆ. ಶಿರ್ತಾಡಿಯ ಕ್ರಿಶ್ಚಿಯನ್ ಮನೆಯ ಒಬ್ಬರು ಗಲ್ಫಿನಲ್ಲಿ ಡ್ರೈವರ್ ಆಗಿದ್ದಾಗ ಈಕೆಯನ್ನು ಮದುವೆಯಾಗಿ, ಇಲ್ಲಿ ತಾಯಿಯ ಹತ್ತಿರ ಬಿಟ್ಟು, ತಾವು ಮತ್ತೆ ಗಲ್ಫಿಗೆ ಹೋಗಿ ವರ್ಷಗಟ್ಟಲೆ ದುಡಿದರು. ಈಗ ಅವರೂ ಬಂದಿದ್ದಾರೆ. ಟೂರಿಸ್ಟ್ ಕಾರು ಇಟ್ಟುಕೊಂಡು ಮಂಗಳೂರು ಏರ್‌ಪೋರ್ಟಿಗೆ ಜನರನ್ನು ಸಾಗಿಸುತ್ತಾರೆ. ಕಾಲೇಜಿನ ಮಕ್ಕಳು ಆಕೆಯನ್ನು ಆಂಟಿ ಎನ್ನುತ್ತಾರೆ. ನಾನು ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಕರೆಯುವ ಹಾಗೆ ಬಾಯಿ ಎನ್ನುತ್ತೇನೆ. ಆಕೆ ನನ್ನನ್ನು ಕುಯಾ ಎನ್ನುತ್ತಾರೆ. ಕುಯಾ ಎಂದರೆ ಅವರ ಭಾಷೆಯಲ್ಲಿ ಅಣ್ಣ.

ಮೊದಲ ದಿನ ನಾನು ಚಮಚವನ್ನು ಬಲಗೈಯಲ್ಲಿ, ಫೋರ್ಕನ್ನು ಎಡಗೈಯಲ್ಲಿ ಹಿಡಿದು, ಫೋರ್ಕಿನಿಂದ ಅನ್ನವನ್ನು ಚಮಚಕ್ಕೆ ದೂಡಿದ್ದನ್ನು ನೋಡಿ ಆಕೆ ಸೌಟು ಹಿಡಿದು ನಿಂತುಬಿಟ್ಟರು.

"ನೀವು ಎಲ್ಲಿ ಇದ್ದದ್ದು?" ಎಂದು ಕೇಳಿದರು.

ನಾನು ಗಲ್ಫಿನಲ್ಲಿ ಒಂದು ಕಂಪೆನಿಯ ಸ್ಟೋರ್ ಕೀಪರ್ ಆಗಿದ್ದವನು. ನನ್ನ ಬಿಲ್ಡಿಂಗಿನ ಕೆಳಗೆ ಇಂಥದೇ ಒಂದು ಸಣ್ಣ ಹೋಟೆಲ್ ಇತ್ತು. ಹತ್ತಿರ, ಅಗ್ಗ, ಮತ್ತು ಯಾರೂ ಊರಿನ ಸುದ್ದಿ ಕೇಳುವುದಿಲ್ಲ. ಕೊನೆಯ ಕಾರಣಕ್ಕಾಗಿಯೇ ನಾನು ನಮ್ಮವರ ಮೆಸ್ ಬಿಟ್ಟು ಅಲ್ಲಿಗೆ ಹೋಗುತ್ತಿದ್ದೆ. ಪಕ್ಕದ ಟೇಬಲಿನವರು ಊಟಕ್ಕೆ ಕೂತಾಗ ನಮ್ಮ ಮುಖ ನೋಡಿ 'ಕಾಯಿನ್ ತಾಯೊ' ಎನ್ನುತ್ತಿದ್ದರು. ಊಟ ಮಾಡುವ, ಬನ್ನಿ ಎಂದು ಅರ್ಥ. ಗುರುತಿಲ್ಲದವರಿಗೂ ಹೇಳುತ್ತಾರೆ. ಬೇಡ, ನೀವು ಮಾಡಿ ಎನ್ನಬೇಕು. ನಿಜವಾಗಿ ಹೋಗಿ ಕೂತುಬಿಟ್ಟರೆ ಪೇಚಿಗೆ ಸಿಕ್ಕಿಕೊಳ್ಳುತ್ತಾರೆ. ನಮ್ಮ ಊರಿನ 'ಊಟ ಆಯ್ತಾ?' ಕೂಡ ಅಂಥದ್ದೇ. ಬಸ್‌ಸ್ಟ್ಯಾಂಡಿನಲ್ಲಿ ಕೇಳುತ್ತಾರೆ, ಬ್ಯಾಂಕಿನಲ್ಲಿ ಕೇಳುತ್ತಾರೆ, ಸಾವಿನ ಮನೆಯ ಅಂಗಳದಲ್ಲಿಯೂ ಕೇಳುತ್ತಾರೆ. ಆಗಲಿಲ್ಲ ಎಂದು ಒಂದು ಸಲ ಹೇಳಿ ನೋಡಿ, ಕೇಳಿದವನ ಮುಖ ನೋಡಬೇಕು. ಹೆಂಡತಿ ತೀರಿಕೊಂಡ ಮೇಲೆ ಈ ಪ್ರಶ್ನೆ ಕೇಳಿದರೆ ನನಗೆ ಮೈ ಉರಿಯುತ್ತದೆ.

ನಾನು ಗಲ್ಫ್ ಬಿಟ್ಟು ಪೂರ್ತಿಯಾಗಿ ಊರಿಗೆ ಬಂದ ಮರುವರ್ಷವೇ ಅವಳು ಹೋದದ್ದು. ಮಕ್ಕಳಿಲ್ಲ. ಗಲ್ಫಿನ ದುಡ್ಡಿನಲ್ಲಿ ಪೇಟೆಯ ಹತ್ತಿರ ಕಟ್ಟಿಸಿದ ಮನೆ ಉಂಟು, ನೆಲಕ್ಕೆ ಹಾಕಿದ ಹೊಳೆಯುವ ಟೈಲ್ಸಿನಲ್ಲಿ ನನ್ನ ಕಾಲು ನನಗೇ ಕಾಣಿಸುತ್ತದೆ. ಅನ್ನ ಬೇಯಿಸಲು ನನಗೆ ಬರುತ್ತದೆ, ಸಾರೂ ಬರುತ್ತದೆ. ಬಡಿಸಿಕೊಳ್ಳುವುದಕ್ಕೆ ಮಾತ್ರ ಮನಸ್ಸು ಬರುವುದಿಲ್ಲ. ಸ್ಟವ್ ಹತ್ತಿರ ನಿಂತು ಪಾತ್ರೆಯಿಂದಲೇ ತಿಂದು ಮುಗಿಸುತ್ತಿದ್ದೆ. ಒಂದು ದಿನ ನಾನು ಹಾಗೆ ನಿಂತಿರುವುದು ಕಿಟಕಿಯ ಗಾಜಿನಲ್ಲಿ ಕಂಡು ಹೇಸಿಗೆಯಾಯಿತು. ಬಾಯಿಯ ಹೋಟೆಲಿಗೆ ಹೋಗಲು ಶುರು ಮಾಡಿದ್ದು ಆಮೇಲೆ.

ಅಲ್ಲಿನ ಊಟ ನಮಗೆ ಹೊಸದಲ್ಲ, ಹೆಸರು ಮಾತ್ರ ಹೊಸದು. ಕೋಳಿಯನ್ನು ಬೆಳ್ಳುಳ್ಳಿ, ಕರಿಮೆಣಸು, ಸೋಯಾ ಸಾಸ್, ವಿನೆಗರ್ ಹಾಕಿ ಬೇಯಿಸುತ್ತಾರೆ. ಅದು ಅಡೋಬೊ. ಬಾಟಲಿಯ ವಿನೆಗರ್ ಆಗುವುದಿಲ್ಲ ಎಂದು ಶಿರ್ತಾಡಿಯ ನೆಂಟರ ಮನೆಯಿಂದ ಕಳ್ಳಿನ ಹುಳಿ ತರಿಸುತ್ತಾರೆ. ಮೀನಿನ ಒಂದು ತಿಳಿ ಸಾರು ಉಂಟು, ಅದಕ್ಕೆ ಹುಳಿಗೆ ಹಾಕುವುದು ನಮ್ಮದೇ ಬಿಂಬುಳಿ ಕಾಯಿ. ನುಗ್ಗೆ ಸೊಪ್ಪು ಹಾಕುತ್ತಾರೆ. ತೆಂಗಿನ ಹಾಲು, ಬಾಳೆಎಲೆಯಲ್ಲಿ ಕಟ್ಟಿದ ಅಕ್ಕಿಯ ತಿಂಡಿ, ಎಲ್ಲ ಉಂಟು. ಅನ್ನ ಮಾತ್ರ ಬೆಳ್ತಿಗೆಯದು, ಬಿಳಿ ಅಕ್ಕಿಯದು. ಕುಚ್ಚಲಕ್ಕಿ ಅನ್ನ ಮಾಡಬಾರದಾ ಎಂದು ನಾನು ಆಗಾಗ ಕೆಣಕುತ್ತೇನೆ. "ಅದು ಅನ್ನ ಅಲ್ಲ ಕುಯಾ, ಅದು ಕೆಲಸ" ಎನ್ನುತ್ತಾರೆ ಆಕೆ. ಅಗಿಯುವ ಕೆಲಸ ಎಂದು.

ನವೆಂಬರ್ ಒಂದರಂದು, ರಾಜ್ಯೋತ್ಸವದ ರಜೆ. ಪೇಟೆಯಲ್ಲಿ ಕೆಂಪು ಹಳದಿ ಬಾವುಟ ಕಟ್ಟಿದ್ದರು, ಕಾಲೇಜಿನ ಮಕ್ಕಳು ಊರಿಗೆ ಹೋಗಿದ್ದರು. ಎರಡು ಗಂಟೆ ದಾಟಿದಾಗ ನಾನು ಹೋಟೆಲಿಗೆ ಹೋದೆ. ಕರೆಂಟ್ ಇರಲಿಲ್ಲ. ಒಳಗೆ ಯಾರೂ ಇಲ್ಲ. ಗೋಡೆಯ ಬದಿಯ ಟೇಬಲಿನ ಮೇಲೆ ಒಂದು ಮೇಣದ ಬತ್ತಿ ಉರಿಯುತ್ತಿತ್ತು. ಅದರ ಮುಂದೆ ಒಂದು ತಟ್ಟೆ, ಬಡಿಸಿದ್ದೇ. ಅನ್ನ, ಅಡೋಬೊ, ಒಂದು ತುಂಡು ಹುರಿದ ಮೀನು, ಬದಿಯಲ್ಲಿ ಚಮಚ ಮತ್ತು ಫೋರ್ಕ್. ಕುರ್ಚಿಯನ್ನು ಕೂರಲು ಅನುಕೂಲವಾಗುವ ಹಾಗೆ ಸ್ವಲ್ಪ ಎಳೆದು ಇಟ್ಟಿದ್ದರು.

ನಿಜ ಹೇಳುತ್ತೇನೆ, ಕಣ್ಣು ತುಂಬಿತು. ರಜೆಯ ದಿನವೂ ನಾನು ಬರುತ್ತೇನೆ ಎಂದು ಗೊತ್ತಿದ್ದು ಯಾರೋ ಬಡಿಸಿ ಇಟ್ಟಿದ್ದಾರೆ. ಕರೆಂಟ್ ಇಲ್ಲ ಎಂದು ಬತ್ತಿಯನ್ನೂ ಹಚ್ಚಿದ್ದಾರೆ. ಇಷ್ಟು ವಯಸ್ಸಿಗೆ ಒಂದು ತಟ್ಟೆ ಅನ್ನ ನೋಡಿ ಅಳುವುದು ಎಂದರೆ ಏನು ಮಾರಾಯ ಎಂದು ನನಗೆ ನಾನೇ ಬೈದುಕೊಂಡು ಕೂತೆ. ಪಕ್ಕದಲ್ಲಿ ಒಂದು ಲೋಟ ಹಾಲು ಹಾಕಿದ ಕಾಫಿಯೂ ಇತ್ತು, ಆರಿಹೋಗಿತ್ತು, ಸಕ್ಕರೆ ಮಿತಿಮೀರಿ ಇತ್ತು. ಅನ್ನದ ಜೊತೆಗೆ ಕಾಫಿ ಯಾಕೆ ಎಂದು ಅನಿಸಿತು. ಇಟ್ಟವರ ಮನಸ್ಸು ನೋಯಬಾರದು ಎಂದು ಅದನ್ನೂ ಕುಡಿದೆ.

ತಟ್ಟೆ ಬರಿದಾಗುವ ಹೊತ್ತಿಗೆ ಬಾಯಿ ಹಿಂದಿನ ಬಾಗಿಲಿನಿಂದ ತೊಳೆದ ಪಾತ್ರೆಗಳನ್ನು ಹಿಡಿದುಕೊಂಡು ಒಳಗೆ ಬಂದರು. ನನ್ನನ್ನು ನೋಡಿದರು. ತಟ್ಟೆಯನ್ನು ನೋಡಿದರು. ಪಾತ್ರೆಗಳನ್ನು ಮೆಲ್ಲ ಕೆಳಗೆ ಇಟ್ಟರು.

"ಅಯ್ಯೋ ಕುಯಾ. ಅದು ಅಮ್ಮನಿಗೆ ಇಟ್ಟದ್ದು."

"ಯಾವ ಅಮ್ಮ?" ಎಂದೆ.

"ನನ್ನ ಅಮ್ಮ. ತೀರಿಹೋದ ಅಮ್ಮ. ಇವತ್ತು ನಮ್ಮಲ್ಲಿ ಎಲ್ಲರೂ ಸಮಾಧಿಗೆ ಹೋಗ್ತಾರೆ, ಬತ್ತಿ ಹಚ್ತಾರೆ, ಅವರಿಗೆ ಇಷ್ಟದ್ದು ಬಡಿಸಿ ಇಡ್ತಾರೆ. ನನಗೆ ಹೋಗ್ಲಿಕ್ಕೆ ಆಗುವುದಿಲ್ಲ ಅಲ್ವಾ, ಅದಕ್ಕೆ ಇಲ್ಲಿ ಇಟ್ಟೆ. ಅಮ್ಮನಿಗೆ ಅನ್ನದ ಜೊತೆ ಕಾಫಿ ಬೇಕು, ಸಕ್ಕರೆ ತುಂಬಾ."

ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಎನಿಸಿತು. ಇದು ಗೊತ್ತಾಗದೆ ಹೋಗಲು ನಾನೇನು ಎಲ್ಲಿಂದಲೋ ಬಂದವನೇ? ಮಳೆಗಾಲದ ಆಟಿ ತಿಂಗಳಲ್ಲಿ ಸತ್ತವರಿಗೆ ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ದೀಪ ಇಟ್ಟು, ಬಾಗಿಲು ಮುಚ್ಚಿ ಹೊರಗೆ ಕೂರುವ ಕ್ರಮ ನಮ್ಮಲ್ಲಿಯೂ ಉಂಟು. ಪಾಣೆಮಂಗಳೂರಿನ ಹತ್ತಿರದ ನಮ್ಮ ಕುಟುಂಬದ ಮನೆಯಲ್ಲಿ ಚಿಕ್ಕಂದಿನಿಂದ ನೋಡಿದ್ದೇನೆ. ಸ್ವಲ್ಪ ಹೊತ್ತು ಬಿಟ್ಟು ಬಾಗಿಲು ತಟ್ಟಿ ತೆರೆಯುತ್ತಾರೆ, ಆಮೇಲೆ ಮನೆಯವರು ಆ ಅನ್ನವನ್ನು ಹಂಚಿ ತಿನ್ನುತ್ತಾರೆ. ಅಂಥ ಕುಟುಂಬದಿಂದ ಬಂದವನು ಬೇರೆಯವರ ಸತ್ತ ತಾಯಿಯ ಕಾಫಿಯನ್ನೂ ಬಿಡದೆ ಕುಡಿದು ಕೂತಿದ್ದೆ.

"ನನಗೆ ಇಟ್ಟದ್ದು ಅಂತ ಎಣಿಸಿದೆ ಬಾಯಿ" ಎಂದೆ.

ಆಕೆ ಮೊದಲು ನಕ್ಕರು. ಆಮೇಲೆ ಸೆರಗಿಲ್ಲದ ಹೆಂಗಸು, ಅಡುಗೆಯ ಬಟ್ಟೆಯಿಂದಲೇ ಕಣ್ಣು ಒರೆಸಿಕೊಂಡರು. "ಪರವಾಗಿಲ್ಲ ಕುಯಾ. ಕೊನೆಗೆ ಮನೆಯವರೇ ತಿನ್ನುವುದು. ಇಲ್ಲಿ ತಿನ್ಲಿಕ್ಕೆ ಅಮ್ಮನ ಕಡೆಯವರು ಯಾರುಂಟು? ನೀವು ತಿಂದದ್ದು ಒಳ್ಳೆಯದೇ ಆಯ್ತು" ಎಂದರು.

ಸಮಾಧಾನ ಆಗಬೇಕಿತ್ತು, ಆಗಲಿಲ್ಲ. ನನ್ನ ಒಳಗೆ ಕೂತಿದ್ದದ್ದು ಬೇರೆ ಸಂಕಟ. ಆ ತಟ್ಟೆ ನನಗೆ ಎಂದು ನಂಬಿ ಎಷ್ಟು ಸಂತೋಷಪಟ್ಟೆನಲ್ಲ, ಅದನ್ನು ಎಲ್ಲಿ ಬಚ್ಚಿಡುವುದು? ಈ ಲೋಕದಲ್ಲಿ ನನಗೆಂದು ಊಟ ಇಟ್ಟು ಕಾದವರು ಯಾರೂ ಇಲ್ಲ ಎನ್ನುವುದು ಗೊತ್ತಿದ್ದ ವಿಷಯವೇ. ಆದರೂ ಅದು ಅಷ್ಟು ಸ್ಪಷ್ಟವಾಗಿ ಎದುರಿಗೆ ಬಂದು ಕೂತದ್ದು ಅವತ್ತೇ.

ಮಾತು ಬದಲಿಸಲು, "ನಿಮ್ಮ ಊಟ ಆಯ್ತಾ ಬಾಯಿ?" ಎಂದು ಕೇಳಿದೆ. ನನಗೆ ಆಗದ ಪ್ರಶ್ನೆಯನ್ನು ನಾನೇ ಕೇಳಿದ್ದೆ.

"ಇಲ್ಲ, ಮೂರು ಗಂಟೆ ಆಗ್ಲಿ" ಎಂದು ಆಕೆ ಫೋನನ್ನು ಟೇಬಲಿನ ಮೇಲೆ ಇಟ್ಟು ಎದುರು ಕೂತರು. ಬತ್ತಿ ಕರಗುತ್ತಾ ಇತ್ತು. ಸ್ವಲ್ಪ ಹೊತ್ತಿನಲ್ಲಿ ಫೋನ್ ಬಂತು, ಗಂಡನದು, ಏರ್‌ಪೋರ್ಟಿನಿಂದ. "ಜೆವಣ್ ಜಾಲೆಂ?" ಎಂದು ಆಕೆ ಕೊಂಕಣಿಯಲ್ಲಿ ಕೇಳಿದರು. ಅದೇ, ಊಟ ಆಯ್ತಾ ಎಂದು. ಆ ಕಡೆಯಿಂದ ಆಯ್ತು ಎಂದಿರಬೇಕು. ಫೋನ್ ಇಟ್ಟು ಎದ್ದು ಹೋಗಿ ತಮ್ಮ ತಟ್ಟೆಗೆ ಅನ್ನ ಹಾಕಿಕೊಂಡು ಬಂದರು.

"ಇದೇನು ವ್ರತವಾ?" ಎಂದು ತಮಾಷೆ ಮಾಡಿದೆ.

"ಅತ್ತೆ ಕಲಿಸಿದ್ದು. ಗಂಡ ಗಲ್ಫಿನಲ್ಲಿ ಇದ್ದರೆ ಅವನ ಊಟ ಆಯ್ತು ಅಂತ ಕೇಳಿದ ಮೇಲೆಯೇ ಹೆಂಡತಿ ಉಣ್ಣುವುದು. ಅಲ್ಲಿ ಒಂದೂವರೆ ಅಂದ್ರೆ ಇಲ್ಲಿ ಮೂರು ಗಂಟೆ ಅಲ್ವಾ? ಅತ್ತೆಯೂ ಮಾವ ಬೊಂಬಾಯಿಯಲ್ಲಿ ಇರುವಾಗ ಹಾಗೆಯೇ ಏನೋ ಮಾಡ್ತಿದ್ರಂತೆ. ಆಚೆ ಈಚೆ ಮನೆಯ ಗಲ್ಫಿನವರ ಹೆಂಡಂದಿರೂ ಹೀಗೆಯೇ ಅಂತ ಅವರು ಹೇಳಿದ್ದು. ಗಂಡಸರಿಗೆ ಹೇಳ್ಲಿಕ್ಕಿಲ್ಲ, ಹೇಳಿದ್ರೆ ಬೈತಾರೆ."

"ಈಗ ಅವರು ಊರಿನಲ್ಲೇ ಇದ್ದಾರಲ್ಲ?"

"ಹೌದು. ಅವರು ಬಂದದ್ದು ಹೊಟ್ಟೆಗೆ ಗೊತ್ತಾಗುವುದಿಲ್ಲ ಕುಯಾ. ಮೂರರ ಮೊದಲು ತುತ್ತು ಇಳಿಯುವುದೇ ಇಲ್ಲ" ಎಂದು ಅನ್ನವನ್ನು ಚಮಚಕ್ಕೆ ದೂಡಿಕೊಂಡರು.

ನನ್ನ ಹೆಂಡತಿ ಮೂರು ಗಂಟೆಗೆ ಊಟ ಮಾಡುತ್ತಿದ್ದಳು.

ರಜೆಯಲ್ಲಿ ಬಂದಾಗಲೆಲ್ಲ ನೋಡುತ್ತಿದ್ದೆ. ಒಂದು ಗಂಟೆಗೆ ನನಗೆ ಬಡಿಸುತ್ತಾಳೆ, ಪಕ್ಕದಲ್ಲಿ ಕೂರುತ್ತಾಳೆ, ತಾನು ಉಣ್ಣುವುದಿಲ್ಲ. ಒಟ್ಟಿಗೆ ಉಣ್ಣುವ ಬಾ ಎಂದರೆ, ಈಗ ನನಗೆ ಹೋಗುವುದಿಲ್ಲ ಎನ್ನುತ್ತಾಳೆ. ನಾನು ಪೂರ್ತಿ ಬಂದ ಮೇಲೂ ಅದೇ. ಇದು ಗ್ಯಾಸ್ಟ್ರಿಕ್ಕೇ ಸೈ ಎಂದು ಮಂಗಳೂರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಮಾತ್ರೆ ಕೊಟ್ಟರು. ಅವಳು ನನ್ನ ಮುಖ ನೋಡಿ ಮಾತ್ರೆ ನುಂಗಿದಳು, ಮೂರು ಗಂಟೆಗೆ ಊಟ ಮಾಡಿದಳು. ಒಂದು ಮಾತು ಹೇಳಲಿಲ್ಲ.

ಮತ್ತು ಆ ಫೋನು. ಅಲ್ಲಿನ ಒಂದೂವರೆಗೆ ಆ ಫಿಲಿಪಿನೋ ಹೋಟೆಲಿನಲ್ಲಿ ಕೂತು, ತಟ್ಟೆ ಬರುವ ಮೊದಲು ಅವಳಿಗೆ ಫೋನ್ ಮಾಡಿ ಮುಗಿಸಿಬಿಡುವುದು ನನ್ನ ಕ್ರಮ. ಅವಳು ಎತ್ತಿದ ತಕ್ಷಣ ತುಳುವಿನಲ್ಲಿ "ಒಣಸ್ ಆಂಡಾ?" ಎನ್ನುತ್ತಿದ್ದಳು. ಊಟ ಆಯ್ತಾ ಎಂದು. ಊರಿನವರೆಲ್ಲ ಕೇಳುವ ಪ್ರಶ್ನೆ ಎಂದು ನಾನೂ ಊರಿನವರ ಹಾಗೆಯೇ "ಆಂಡ್" ಎನ್ನುತ್ತಿದ್ದೆ. ಆಗಿರುತ್ತಿರಲಿಲ್ಲ. ಆಗಲಿಲ್ಲ ಎಂದರೆ ಯಾಕೆ, ಏನು ಎಂದು ಮಾತು ಬೆಳೆಯುತ್ತದೆಂದು ಹಾಗೆ ಹೇಳುತ್ತಿದ್ದೆ. ಆ ಒಂದು ಪ್ರಶ್ನೆಯನ್ನು ಅವಳು ಉತ್ತರಕ್ಕಾಗಿ ಕೇಳುತ್ತಿದ್ದಳು ಎಂದು ನನಗೆ ಹೊಳೆಯಲೇ ಇಲ್ಲ.

ಆಮೇಲಿನ ಆಟಿಯಲ್ಲಿ ಕುಟುಂಬದ ಮನೆಯಿಂದ ಎಂದಿನಂತೆ ಫೋನ್ ಬಂತು. ಅಲ್ಲಿ ತೀರಿಹೋದವರಿಗೆಲ್ಲ ಒಟ್ಟಿಗೆ ಬಡಿಸುತ್ತಾರೆ, ಸಂಜೆ. ಈ ಸಲ ಅವಳಿಗೆ ನಾನು ಇಲ್ಲಿಯೇ ಬೇರೆ ಬಡಿಸುತ್ತೇನೆ ಎಂದೆ. ಹಾಗೆ ಕ್ರಮ ಇಲ್ಲ ಎಂದರು. ಇಲ್ಲದಿದ್ದರೆ ಇಲ್ಲ ಎಂದೆ. ಅವರಿಗೆ ಸಿಟ್ಟು ಬಂದಿರಬಹುದು.

ಅಂದು ಒಂದು ಗಂಟೆಗೇ ಬಾಯಿಯ ಹೋಟೆಲಿಗೆ ಹೋಗಿ ಊಟಕ್ಕೆ ಕೂತೆ. ಇಷ್ಟು ಬೇಗ ಯಾಕೆ ಎಂದು ಕೇಳಿದ್ದಕ್ಕೆ ಹೇಳಿದೆ. ಆಕೆ ಬಿಂಬುಳಿ ಹಾಕಿದ ಮೀನಿನ ಸಾರನ್ನು ಒಂದು ಸ್ಟೀಲಿನ ಡಬ್ಬದಲ್ಲಿ ತುಂಬಿಸಿ ಕೈಗೆ ಕೊಟ್ಟರು. ನಾನು ಅವಸರ ಮಾಡದೆ, ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ಹೊಟ್ಟೆ ತುಂಬ ಉಂಡೆ.

ಮನೆಗೆ ಬಂದು ಕುಚ್ಚಲಕ್ಕಿ ಅನ್ನ ಮಾಡಿದೆ. ಒಳಕೋಣೆಯಲ್ಲಿ ಬಾಳೆಎಲೆ ಹಾಕಿ, ಅನ್ನ, ಮೀನಿನ ಸಾರು, ಅವಳೇ ಹಾಕಿಟ್ಟು ಹೋದ ಭರಣಿಯ ಅಡಿಯಲ್ಲಿ ಉಳಿದಿದ್ದ ಉಪ್ಪಿನಕಾಯಿ ಬಡಿಸಿದೆ. ದೀಪ ಹಚ್ಚಿದೆ. ಹೊರಗೆ ಮಳೆ ಬಿಟ್ಟು ಬಿಸಿಲು ಬಂದಿತ್ತು. ಗಡಿಯಾರದಲ್ಲಿ ಮೂರು ಆಗುವವರೆಗೆ ಬಾಗಿಲಿನ ಹತ್ತಿರ ನಿಂತು ಕಾದೆ.

"ಎನ್ನ ಒಣಸ್ ಆಂಡ್" ಎಂದೆ. ನನ್ನ ಊಟ ಆಯ್ತು. "ಈ ಒಣಸ್ ಮಲ್ಪು." ಇನ್ನು ನೀನು ಊಟ ಮಾಡು.

ಮತ್ತೆ ಬಾಗಿಲು ಮುಚ್ಚಿ ಹೊರಗೆ ಬಂದು ಕೂತೆ.