ಮೂರು ವರ್ಷದ ಕೂಸಿನ ಟಿಕೆಟ್ಟು

೧೯೯೯ರ ಜೂನ್ ಏಳು. ಬೆಳಿಗ್ಗೆಯಿಂದಲೇ ಸುಡುವ ಬಿಸಿಲು, ಗಾಳಿಯಿಲ್ಲ. ಮದರಾಸಿನ ಪೆರುಂಗುಡಿಯಲ್ಲಿರುವ ನಮ್ಮ ಬಸ್ ಕಂಪನಿಯ ಆಫೀಸಿನೊಳಗೆ ಮಾತ್ರ ನನ್ನ ಕೈ ತಣ್ಣಗಿತ್ತು. ಅಂದು ಕಂಪ್ಯೂಟರ್ ಪರೀಕ್ಷೆ. ಫೇಲಾದ ಬುಕಿಂಗ್ ಗುಮಾಸ್ತರು ಮನೆಗೆ ಹೋಗಬಹುದು ಎಂದು ಮ್ಯಾನೇಜರ್ ಹೇಳಿಯಾಗಿತ್ತು.

ಟಿಕೆಟ್ ದರದ ಪುಟ್ಟ ಪ್ರೋಗ್ರಾಂ ಬರೆಯಬೇಕಿತ್ತು. ನಮ್ಮ ಕೌಂಟರಿನ ಗೋಡೆಯ ಬೋರ್ಡನ್ನೇ ಸಾಲು ಸಾಲಾಗಿ ಹಾಗೇ ಇಳಿಸಿದೆ. ವಯಸ್ಸು ಐದಕ್ಕಿಂತ ಕಡಿಮೆಯಾದರೆ ಟಿಕೆಟ್ ಇಲ್ಲ. ಹನ್ನೆರಡಕ್ಕಿಂತ ಕಡಿಮೆಯಾದರೆ ಅರ್ಧ. ಇಲ್ಲವಾದರೆ ಪೂರ್ತಿ.

ಪರೀಕ್ಷಕಿ ಮದರಾಸಿನಲ್ಲೇ ಬೆಳೆದ ಕನ್ನಡದ ಹುಡುಗಿ. "ಮೂರು ವರ್ಷದ ಕೂಸು ಅಂತ ಹೊಡೀರಿ ಸಾರ್, ಪಾರ್ಕಲಾಂ, ನೋಡೋಣ," ಎಂದಳು. ಹೊಡೆದೆ. ಪರದೆಯ ಮೇಲೆ ಅರ್ಧ ಟಿಕೆಟ್ ಬಂತು.

"ಮಡಿಲಲ್ಲಿರೋ ಕೂಸನ್ನೂ ಬಿಡಲ್ವಾ ನಿಮ್ಮ ಕಂಪನಿ?"

"ಬೋರ್ಡಲ್ಲಿ ಹೀಗೇ ಇದೆಯಮ್ಮ."

"ನೀವಾದ್ರೆ ಮೊದಲನೇ ಸಾಲು ಹೊಂದಿದ್ರೆ ಅಲ್ಲಿಗೇ ನಿಲ್ತೀರಿ ಸಾರ್. ಈ ಕಂಪ್ಯೂಟರ್ ನಿಲ್ಲಲ್ಲ, ಎರಡನೇದನ್ನೂ ಓದತ್ತೆ. ಮೂರು ಹನ್ನೆರಡಕ್ಕಿಂತಲೂ ಕಡಿಮೆ ದಾನೇ, ಅಲ್ವಾ?" ಅವಳು ಗಡಿಯಾರ ನೋಡಿದಳು. "ಐದು ನಿಮಿಷ ಇದೆ."

ಎರಡನೇ ಸಾಲಿನ ಶುರುವಿಗೂ ಒಂದು 'ಇಲ್ಲವಾದರೆ' ಸೇರಿಸುವಷ್ಟರಲ್ಲಿ ಬೆರಳು ಎರಡು ಸಲ ತಪ್ಪಿತು. ಮತ್ತೆ ಮೂರು ಹೊಡೆದು ಕಣ್ಣು ಮುಚ್ಚಿಕೊಂಡೆ.

ಸಂಜೆ ಮನೆಯಲ್ಲಿ ಇದನ್ನು ಹೇಳುತ್ತ ಕಣ್ಣು ಮುಚ್ಚಿದಲ್ಲಿಗೆ ಬಂದಾಗ, ಹೆಂಡತಿ ಸೌಟು ಹಿಡಿದುಕೊಂಡೇ ನಿಂತಿದ್ದಳು. ಅದು ಮಗನ ಸ್ಕೂಲ್ ಫೀಸು ಕಟ್ಟುವ ತಿಂಗಳು. ಕೆಲಸ ಉಳಿಯಿತೇ ಎಂದು ಕೇಳಲು ಅವಳಿಗೆ ಧೈರ್ಯವಾಗಲಿಲ್ಲವೇನೋ.

"ಕೊನೆಗೆ ಆ ಕೂಸು ಎಷ್ಟು ಕೊಟ್ಟಿತು?" ಎಂದಳು.

"ಒಂದು ಪೈಸೆಯೂ ಇಲ್ಲ," ಎಂದೆ.