ಎಡಗೈಗೆ ಕೆಂಪು, ಬಲಗೈಗೆ ಹಸಿರು

ಚಾಳೀಸು ಹಾಕಿಕೊಂಡವನಿಗೆ ಲೋಕದ ಸಮಸ್ತ ವಸ್ತುಗಳೂ ಕಾಣುತ್ತವೆ. ತೆಗೆದಿಟ್ಟ ಮರುಕ್ಷಣ ಮೊದಲು ಕಾಣದಾಗುವುದು ಆ ಚಾಳೀಸೇ. ನಮ್ಮ ಮನೆಯಲ್ಲಿ ದಿನಕ್ಕೆರಡು ಬಾರಿಯಾದರೂ ಅದರ ಶೋಧಕಾರ್ಯ ನಡೆಯುತ್ತದೆ. ನಾನು ಗೋಡೆ ತಡವುತ್ತಿದ್ದರೆ ನನ್ನಾಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, “ಪಡುವಲ ಗ್ವಾಡಿ ಗೂಡಿನ್ಯಾಗ, ಬಡಗಲ ಬಾಜೂಕ ಐತ್ರಿ” ಎನ್ನುತ್ತಾಳೆ. ಅಲ್ಲಿಯೇ ಇರುತ್ತದೆ.

ಎಡ-ಬಲಗಳಿಗೆ ನಮ್ಮ ಮನೆಯಲ್ಲಿ ಪ್ರವೇಶವೇ ಇರಲಿಲ್ಲವೆಂದರೆ ನೀವು ನಗಬಹುದು. ಮಸೂತಿ ಎಂಬ ನಮ್ಮೂರಿನ ಹಿರಿಯರು ಎತ್ತಿಗೂ ಬೀಗರಿಗೂ ದಿಕ್ಕು ಹೇಳಿಯೇ ದಾರಿ ತೋರಿಸಿದವರು. ನಾನೋ ಮೋಜಣಿದಾರ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದು ವರ್ಗವಾದಲ್ಲೆಲ್ಲ ಸರಪಳಿ ಹಿಡಿದು ಅನ್ಯರ ಹೊಲಗಳನ್ನು ಅಳೆಯುತ್ತ ಆಯುಷ್ಯ ಸವೆಸಿದವನು. ಹೊಸ ಬಾಡಿಗೆ ಮನೆಗೆ ಹೋದರೆ ಹಾಲು ಉಕ್ಕಿಸುವುದಕ್ಕೆ ಮೊದಲು ಮೂಡಲ ಯಾವುದೆಂದು ನಿಷ್ಕರ್ಷೆಯಾಗಬೇಕು. ಆಮೇಲೆ ಮಗಳಿಗೆ “ತುಸು ತೆಂಕಲಕ್ಕ ಸರಿ” ಎಂದರೆ ಅವಳು ಬರೆಯುವುದನ್ನು ಬಿಡದೆ ಸರಿಯುತ್ತಿದ್ದಳು.

ಈ ಮಗಳು, ಸುನಂದಾ, ಪಿಯುಸಿ ಮುಗಿಸಿದ ಬೇಸಿಗೆಯಲ್ಲಿ ತಾನು ವಿಮಾನ ನಡೆಸುವುದನ್ನು ಕಲಿಯುತ್ತೇನೆಂದಳು. ತೊಂಬತ್ತರ ದಶಕದ ಕೊನೆಯ ಮಾತು. ಇಂಡಿಯಿಂದ ಸಿಂದಗಿಗೆ ಬಸ್ಸಿನಲ್ಲಿ ಹೋಗುವುದಕ್ಕೂ ಮೂಗಿಗೆ ಲಿಂಬೆಹಣ್ಣು ಹಿಡಿದುಕೊಳ್ಳುವ ನಾನು, ಭೂಮಿಯನ್ನು ಅಳೆದವನೇ ಹೊರತು ಒಮ್ಮೆಯೂ ಅದನ್ನು ಬಿಟ್ಟವನಲ್ಲ. ಆದರೂ ಹೂಂ ಎಂದೆ. ನಾಲತವಾಡದ ಬೀಗರೊಬ್ಬರು, ವಿಮಾನ ಮೇಲೆ ಕೆಟ್ಟು ನಿಂತರೆ ಇಳಿದು ತಳ್ಳುವವರು ಯಾರೆಂದು ಕಳವಳಪಟ್ಟರು.

ವೈದ್ಯಕೀಯ ಪರೀಕ್ಷೆ ದಾಟಿ, ವಿದ್ಯಾರ್ಥಿ ಪೈಲಟ್ ಲೈಸನ್ಸು ಪಡೆದು ಅವಳು ದೂರದ ತರಬೇತಿ ಶಾಲೆ ಸೇರಿದಳು. ಹವಾಮಾನ, ನಿಯಮಾವಳಿ, ಯಂತ್ರಜ್ಞಾನ ಎಂದು ಏನೇನೋ ವಿಷಯಗಳು. ಆಕಾಶದಲ್ಲಿ ದಾರಿ ನಿರ್ಣಯಿಸುವ ಪತ್ರಿಕೆಯಲ್ಲಂತೂ ಇಡೀ ತಂಡಕ್ಕೆ ಮೊದಲಿಗಳಾದಳು. ಅದನ್ನು ತಿಳಿಸಿದ ಅವಳ ಕಾಗದವನ್ನು ನಾನು ಕಚೇರಿಯಲ್ಲಿ ಎಷ್ಟು ಸಲ ಓದಿದೆನೆಂದರೆ ನಮ್ಮ ಗುಮಾಸ್ತರಿಗೆ ಅದು ಬಾಯಿಪಾಠವಾಗಿತ್ತು.

ಮೆರೆದದ್ದು ಹೆಚ್ಚಾಯಿತೇನೋ. ಒಂದು ಮುಂಜಾನೆ ಬಾಗೇವಾಡಿಯ ಮನೆಯ ಬಾಗಿಲಲ್ಲಿ ಸುನಂದಾ ಪೆಟ್ಟಿಗೆ ಹಿಡಿದು ನಿಂತಿದ್ದಳು. ಗಗನದಲ್ಲಿ ಶಿಕ್ಷಕರು ಎಡಕ್ಕೆ ಹೊರಳಿಸೆಂದಾಗ ಅವಳು ಬಲಕ್ಕೆ ಹೊರಳಿಸಿದ್ದಳು. ಒಮ್ಮೆಯಲ್ಲ, ಎರಡು ಸಲ, ಅದೂ ಇನ್ನೊಂದು ವಿಮಾನ ಬಳಿಯಲ್ಲಿದ್ದಾಗ. ಎಡ-ಬಲ ತಿಳಿಯದವಳಲ್ಲ. ಆದರೆ ಅವಳ ಬುದ್ಧಿ ಮೊದಲು ಮೂಡಲವನ್ನು ಹುಡುಕಿ, ತಾನು ಯಾವ ಕಡೆ ಮುಖ ಮಾಡಿದ್ದೇನೆಂದು ನೋಡಿ, ಅನಂತರ ಎಡಕ್ಕೆ ಬರುತ್ತಿತ್ತು. ನೆಲದ ಮೇಲೆ ಯಾರ ಗಮನಕ್ಕೂ ಬಾರದ ಆ ಅರೆಕ್ಷಣ ಮೇಲೆ ದೊಡ್ಡದಾಗಿತ್ತು. ವಾರದ ರಜೆ ಕೊಟ್ಟು, ಅಷ್ಟರೊಳಗೆ ತಿದ್ದಿಕೊಳ್ಳದಿದ್ದರೆ ಒಬ್ಬಳನ್ನೇ ಹಾರಲು ಬಿಡುವುದಿಲ್ಲ, ಶಾಲೆಯಿಂದಲೇ ತೆಗೆದುಬಿಡುತ್ತೇನೆ ಎಂದಿದ್ದರಂತೆ ಶಿಕ್ಷಕರು.

ಅವಳ ತಪ್ಪು ನನ್ನದಾಗಿತ್ತು. ಅಂದಿನಿಂದಲೇ ಮನೆಯಲ್ಲಿ ದಿಕ್ಕುಗಳಿಗೆ ಬಹಿಷ್ಕಾರ ಘೋಷಿಸಿದೆ. ಊಟಕ್ಕೆ ಕೂತವನು ಎಡಗಡೆಯ ಚಟ್ನಿ ಕೊಡೆಂದರೆ ನನ್ನಾಕೆ ಸೌಟು ಹಿಡಿದು ನಿಂತೇಬಿಟ್ಟಳು. “ನನ್ನ ಎಡಕೋ, ನಿಮ್ಮ ಎಡಕೋ? ಮಂದಿಗೊಂದು ಎಡ ಇದ್ದರ ಅದು ಯಾತರ ವಿಳಾಸರಿ? ಬಡಗಲ ಅಂದ್ರ ಎಲ್ಲಾರಿಗೂ ಒಂದ.” ನಾಲ್ಕು ತಾಲೂಕು ಅಳೆದ ನನಗೆ ಹೊಳೆಯದ ತತ್ತ್ವ ಚಟ್ನಿಯ ಪಾತ್ರೆಯಲ್ಲಿತ್ತು. ಎಡ-ಬಲಗಳು ನನ್ನಿಂದ ಹೊರಟು ಲೋಕವನ್ನು ನೋಡುತ್ತವೆ. ದಿಕ್ಕುಗಳು ಲೋಕದಿಂದ ಹೊರಟು ನನ್ನನ್ನು ನಿಲ್ಲಿಸುತ್ತವೆ. ಇಂಥ ವೇದಾಂತದಿಂದ ವಿಮಾನ ಹೊರಳುವುದಿಲ್ಲ ಎನ್ನುವುದಷ್ಟೇ ತೊಡಕು.

ತೊಡಕು ಬಿಡಿಸಿದವಳೂ ಅವಳೇ. ಐದನೆಯ ದಿನ ಮಗಳನ್ನು ಬಳೆಗಾರ್ತಿಯ ಬಳಿ ಕರೆದೊಯ್ದು ಎಡಗೈ ತುಂಬ ಕೆಂಪು, ಬಲಗೈ ತುಂಬ ಹಸಿರು ಗಾಜಿನ ಬಳೆ ತೊಡಿಸಿಕೊಂಡು ಬಂದಳು. ಉಣ್ಣುವ, ನೀಡುವ, ಆರತಿ ಎತ್ತುವ ಕೈ ಬಲಗೈಯಾದ್ದರಿಂದ ಹಸಿರು ಅದಕ್ಕೇ ಸಲ್ಲಬೇಕೆಂಬುದು ಅವಳ ನ್ಯಾಯ. ಕೆಂಪು ಉಳಿದ ಕೈಗೆ. ಬಣ್ಣ ಬೆರೆಸಿ ತೊಟ್ಟವಳನ್ನು ಓಣಿಯ ಹೆಂಗಸರು ವಿಚಿತ್ರವಾಗಿ ನೋಡಿದರು. ಇಡೀ ದಿನ ತಾಯಿ ಎಡ ಎನ್ನುವುದು, ಮಗಳು ಕೆಂಪು ಬಳೆ ಗಲಗಲಿಸುವುದು. ಏಳನೆಯ ದಿನ ಮಗಳು ಬಳೆ ತೊಟ್ಟೇ ತರಬೇತಿ ಶಾಲೆಗೆ ಹೊರಟುಹೋದಳು.

ಮುಂದಿನದು ಅವಳ ಕಾಗದದಿಂದ ತಿಳಿಯಿತು. ಬಳೆಗಳನ್ನು ಕಂಡ ಶಿಕ್ಷಕರು ಇದೇನು ವೇಷವೆಂದು ಗದರಿ, ಕಾರಣ ತಿಳಿದ ಮೇಲೆ ಅವಳನ್ನು ನಿಂತಿದ್ದ ವಿಮಾನದ ಬಳಿ ಕರೆದೊಯ್ದು ರೆಕ್ಕೆಯ ತುದಿಗಳನ್ನು ತೋರಿಸಿದರಂತೆ. ಎಡ ರೆಕ್ಕೆಗೆ ಕೆಂಪು ದೀಪ, ಬಲ ರೆಕ್ಕೆಗೆ ಹಸಿರು. ಜಗತ್ತಿನ ವಿಮಾನಗಳಿಗೆಲ್ಲ ಹಾಗೆಯೇ. ನಿಮ್ಮ ತಾಯಿಗೆ ಇದನ್ನು ಯಾರು ಹೇಳಿದರು ಎಂದು ಕೇಳಿದರಂತೆ. ಯಾರೂ ಹೇಳಿರಲಿಲ್ಲ. ಅಂದು ಅವಳು ಒಂದು ಸಲವೂ ತಪ್ಪು ಹೊರಳಲಿಲ್ಲ. ಹತ್ತು ದಿನದಲ್ಲಿ ಒಬ್ಬಳೇ ಹಾರಿ ಒಬ್ಬಳೇ ಇಳಿದಳು. ಕಾಗದ ಓದಿ ಹೇಳಿದಾಗ ನನ್ನಾಕೆ, ದೀಪ ಹಚ್ಚಿದವರು ತಿಳಿದವರೇ ಇರಬೇಕು ಎಂದಷ್ಟೇ ಅಂದು ಹಿಟ್ಟು ನಾದಲು ಹೋದಳು. ನನಗೆ ಅವಳ ಬಗ್ಗೆ ಆಗ ಹುಟ್ಟಿದ ಹೆಮ್ಮೆ ಇನ್ನೂ ಇಳಿದಿಲ್ಲ.

ವರ್ಷಗಳ ಮೇಲೆ ವಾಣಿಜ್ಯ ವಿಮಾನ ನಡೆಸುವ ಲೈಸನ್ಸೂ, ನೌಕರಿಯೂ ಬಂದವು. ನಮ್ಮಿಬ್ಬರನ್ನು ಅವಳು ತಾನು ಸಹಪೈಲಟ್ ಆಗಿದ್ದ ಹೈದರಾಬಾದು-ಗೋವಾ ವಿಮಾನದಲ್ಲಿ ಕೂಡಿಸಿದಾಗ ನನ್ನ ಜೇಬಿನಲ್ಲಿ ಎರಡು ಲಿಂಬೆಹಣ್ಣುಗಳಿದ್ದವು. ಕಿಟಕಿ ನನ್ನಾಕೆಯ ಪಾಲಿಗೆ ಬಂದಿತ್ತು. ನಡುದಾರಿಯಲ್ಲಿ ಧ್ವನಿವರ್ಧಕದಿಂದ ಸುನಂದಾಳ ದನಿ ಕೇಳಿತು. ಬಲಗಡೆ ಕೂತವರಿಗೆ ಆಲಮಟ್ಟಿಯ ಹಿನ್ನೀರು ಕಾಣುತ್ತಿದೆಯೆಂದು ಇಂಗ್ಲಿಷಿನಲ್ಲಿ ಹೇಳಿದಳು. ಆಮೇಲೆ ನಮ್ಮ ಮಾತಿನಲ್ಲಿ, “ಅಪ್ಪಾ, ಬಡಗಲಕ್ಕ ನೋಡ್ರಿ. ನೀರಿನ ಆಚೀಕ ನಮ್ಮ ಮಸೂತಿ ಐತಿ” ಎಂದಳು.

ನಾನು ಕಣ್ಣೊರೆಸಿಕೊಳ್ಳಲು ಚಾಳೀಸು ತೆಗೆದೆ. ಒರೆಸಿಕೊಂಡ ಮೇಲೆ ನೋಡಬೇಕೆಂದರೆ ಅದು ಕಾಣಲೊಲ್ಲದು. ತೊಡೆ, ಜೇಬು, ಲಿಂಬೆಹಣ್ಣು ಎಲ್ಲ ತಡವಿದೆ. ನನ್ನಾಕೆ ಕಿಟಕಿಯ ಗಾಜಿಗೆ ಹಣೆ ಹಚ್ಚಿ ಊರನ್ನು ಹುಡುಕುತ್ತಿದ್ದವಳು ತಿರುಗಿಯೂ ನೋಡಲಿಲ್ಲ.

“ನಿಮ್ಮ ಬಲಗೈಯಾಗ ಐತ್ರಿ” ಎಂದಳು.