ಪ್ರಾಂಪ್ಟರನ ಕಣ್ಣು

ನಮ್ಮ ನಾಟಕದ ಆ ಭಾನುವಾರ ಏನೇನು ಕೆಡಬಹುದು ಎಂದು ನಾನು ವಾರದಿಂದಲೇ ಯೋಚಿಸಿಟ್ಟಿದ್ದೆ. ಬೆಳಿಗ್ಗೆ ಏಳುವಾಗ ನನ್ನ ರೆಪ್ಪೆಗಳು ಅಂಟಿಕೊಂಡಿರಬಹುದಿತ್ತು. ಜೋಗೇಶ್ವರಿಯಲ್ಲಿ ಲೋಕಲ್ ರೈಲು ಹತ್ತಿದೊಡನೆ ಕೆಂಗಣ್ಣಿನ ಪರಿಚಯದವನೊಬ್ಬ ಮುಖಕ್ಕೆ ಮುಖ ಕೊಟ್ಟು ಊರ ಕಡೆಯ ಮಳೆ ಬೆಳೆ ವಿಚಾರಿಸಬಹುದಿತ್ತು. ಹಳಿಯ ಮೇಲೆ ನೀರು ನಿಲ್ಲಬಹುದಿತ್ತು. ಕಣ್ಣುಬೇನೆ ನಾಟಕದ ರಾಜನಿಂದ ರಾಣಿಗೆ, ರಾಣಿಯಿಂದ ಸೇನಾಪತಿಗೆ ದಾಟಿ, ಇಡೀ ರಾಜ್ಯವೇ ಕಪ್ಪು ಕನ್ನಡಕ ಹಾಕಿಕೊಂಡು ರಂಗದ ಮೇಲೆ ಬರಬಹುದಿತ್ತು. ರಾಜನ ಹೆಂಡತಿ ಮಕ್ಕಳೆಲ್ಲ ನೋಡುತ್ತಿರುವಾಗಲೇ ಅವನಿಗೆ ಮಾತು ಮರೆತು, ಹೇಳಿಕೊಡಬೇಕಾದ ನಾನು ಕಣ್ಣೊರೆಸಿಕೊಳ್ಳುತ್ತ ಕೂತಿರಬಹುದಿತ್ತು. ಇದರಲ್ಲಿ ಒಂದೂ ಆಗಲಿಲ್ಲ. ಆದದ್ದು ಬೇರೆಯೇ, ಸಣ್ಣದು.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ದೇಶ ದೇಶ ಸುತ್ತಿದ ಕಣ್ಣುಬೇನೆ ಮುಂಬಯಿಗೂ ಬಂದಿಳಿದಿತ್ತು. ಮರಾಠಿಯವರು ‘ಡೋಳೆ ಆಲೆ’ ಎನ್ನುತ್ತಿದ್ದರು, ನಮ್ಮ ಚಾಳಿನಲ್ಲಿ ವಾಸವಿದ್ದ ಧಾರವಾಡ ಕಡೆಯವರು ‘ಕಣ್ಣ ಬಂದಾವ’ ಎನ್ನುತ್ತಿದ್ದರು. ಬಂದವನ ಕಣ್ಣು ಟೊಮೆಟೊದಂತಾಗಿ, ನಾಲ್ಕೈದು ದಿನ ಉರಿದು, ತಾನಾಗಿಯೇ ಇಳಿಯುತ್ತಿತ್ತು; ಕೆಂಪು ಮಾತ್ರ ಇನ್ನಷ್ಟು ದಿನ ಅಂಚಿನಲ್ಲಿ ಉಳಿಯುತ್ತಿತ್ತು. ಯಾರೂ ಸಾಯುತ್ತಿರಲಿಲ್ಲ. ಆದರೆ ಬಂದವನ ಕಣ್ಣನ್ನು ನೋಡಿದರೆ ಸಾಕು, ನೋಡಿದವನಿಗೂ ಬರುತ್ತದೆ ಎಂದು ಎಲ್ಲರೂ ನಂಬಿದ್ದರು. ನಾನು ಎಲ್ಲರಿಗಿಂತ ಒಂದು ಕೈ ಹೆಚ್ಚು ನಂಬಿದ್ದೆ.

ಅದಕ್ಕೆ ಕಾರಣವಿತ್ತು. ನಮ್ಮ ಕಡೆಯವರೆಲ್ಲ ಸೇರಿ ವರ್ಷಕ್ಕೊಂದು ನಾಟಕ ಆಡುತ್ತಿದ್ದೆವು. ನಾನು ಅದರ ಪ್ರಾಂಪ್ಟರ್. ಬಟ್ಟೆ ಅಂಗಡಿ ಇಟ್ಟಿದ್ದ ನಿರ್ದೇಶಕರೇ ನಾಟಕ ಬರೆಯುತ್ತಿದ್ದರು. ಅವರ ಅಕ್ಷರ ಅವರನ್ನು ಬಿಟ್ಟರೆ ಓದಲು ಬರುತ್ತಿದ್ದುದು ನನಗೊಬ್ಬನಿಗೇ. ನಟರಲ್ಲಿ ಮಾತು ಬಾಯಿಪಾಠ ಮಾಡುವ ಪದ್ಧತಿಯೇ ಇರಲಿಲ್ಲ. ಕಾಕಾ ಇದ್ದಾರಲ್ಲ, ಹೇಳಿಕೊಡುತ್ತಾರೆ ಎಂಬ ಧೈರ್ಯ. ರಾಜನ ಪಾತ್ರ ಮಾಡುತ್ತಿದ್ದವನು ವಿಜಾಪುರ ಕಡೆಯ, ಕಟ್ಟಡ ಕಟ್ಟುವ ಗೌಂಡಿ ಮೇಸ್ತ್ರಿ. ಒಳ್ಳೆಯ ಎತ್ತರ, ಗುಡುಗಿನ ಕಂಠ. ಆದರೆ ಪ್ರತಿ ಮಾತಿಗೂ ರಂಗದ ಮಗ್ಗುಲಲ್ಲಿ ಕೂತ ನನ್ನ ಕಡೆ ಕಿವಿ ಕೊಡುತ್ತಿದ್ದುದರಿಂದ ಪ್ರೇಕ್ಷಕರಿಗೆ ವರ್ಷವರ್ಷವೂ ಕಾಣುತ್ತಿದ್ದುದು ಅವನ ಒಂದೇ ಕೆನ್ನೆ.

‘ನೋಡ್ರಿ, ಯಾರಿಗೆ ಕಣ್ಣ ಬಂದ್ರೂ ಬರ್ಲಿ,’ ಎಂದರು ನಿರ್ದೇಶಕರು. ‘ನಿಮಗ ಬಂತಂದ್ರ ನಾಟಕ ಮುಗೀತು.’

ಹುಟ್ಟಿದಾರಭ್ಯ ಚಿಂತೆ ಮಾಡುತ್ತ ಬಂದವನಿಗೆ ಮೊದಲ ಸಲ ಅದೊಂದು ಸಾರ್ವಜನಿಕ ಕರ್ತವ್ಯವಾಗಿ ದೊರಕಿತು. ಬೇರೆ ಟವೆಲು, ಬೇರೆ ಲೋಟ. ಬೆಳಿಗ್ಗೆ ಸಂಜೆ ಬೋರಿಕ್ ಪುಡಿ ಹಾಕಿದ ನೀರಿನಲ್ಲಿ ಕಣ್ಣು ತೊಳೆಯುವುದು, ಮಲಗುವಾಗ ಗುಲಾಬಿ ನೀರಿನ ಹನಿ. ಪರದೆ ಬೀಳಿಸಲು ಸೂಚನೆ ಕೊಡುವ ಸೀಟಿಯೂ ನನ್ನ ವಶದಲ್ಲೇ ಇತ್ತು. ಹಿಂದೆ ಯಾರ್ಯಾರು ಊದಿದ್ದರೋ ಎಂದು ಚಹಾದ ಪಾತ್ರೆಯಲ್ಲಿ ನೀರು ಕುದಿಸಿ ಅದನ್ನೂ ಹಾಕಿದೆ.

‘ಚಹಾದ ಗುಂಡೀನ ಬೇಕಾಗಿತ್ತೇನ್ರೀ ಅದಕ್ಕ?’ ಎಂದಳು ಹೆಂಡತಿ. ‘ಊರ ಮಂದಿಗೆಲ್ಲಾ ರೋಗ ಬಂದು ಹೋತು. ನಿಮಗಿನ್ನೂ ಬಂದಿಲ್ಲ, ಆದ್ರ ದಿನಾ ಅನುಭವಸೂದು ನೀವ.’

ಗ್ರಾಂಟ್ ರೋಡಿನ ಫುಟ್‌ಪಾತಿನಲ್ಲಿ ಕಪ್ಪು ಕನ್ನಡಕವನ್ನೂ ಕೊಂಡೆ. ಅದನ್ನು ಹಾಕಿಕೊಂಡು ಲೋಕಲ್ ಹತ್ತಿದ ದಿನ ನನಗೆ ಎರಡು ಅನುಭವಗಳಾದವು. ಮೊದಲನೆಯದಾಗಿ, ನನಗೇ ರೋಗ ಬಂದಿದೆ ಎಂದು ತಿಳಿದ ಜನ ಎದ್ದು ಆಚೆ ಹೋದದ್ದರಿಂದ, ಮುಂಬಯಿಗೆ ಬಂದ ಇಷ್ಟು ವರ್ಷಗಳಲ್ಲಿ ಮೊದಲ ಸಲ ಆಫೀಸಿನಿಂದ ಮರಳುವ ಹೊತ್ತಿನಲ್ಲಿ ಕಿಟಕಿಯ ಪಕ್ಕ ಕೂತೆ. ಎರಡನೆಯದಾಗಿ, ಆ ಮುಸ್ಸಂಜೆಯಲ್ಲಿ ಫಲಕ ಕಾಣದೆ, ಜೋಗೇಶ್ವರಿ ಎಂದುಕೊಂಡು ಸಾಂತಾಕ್ರೂಜಿನಲ್ಲಿ ಇಳಿದೆ. ಕನ್ನಡಕ ತೆಗೆದು ನೋಡಬಹುದಿತ್ತು. ಆದರೆ ಪ್ಲಾಟ್‌ಫಾರ್ಮಿನ ತುಂಬ ಜನ, ಜನಕ್ಕೆಲ್ಲ ಕಣ್ಣು.

ನಮ್ಮ ತಾಲೀಮು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮೇಲಿನ ತಾರಸಿಯಲ್ಲಿ. ನಾನು ನೀರಿನ ಟಾಂಕಿಯ ಹತ್ತಿರ ಕೂರುವುದು, ನಟರು ಇನ್ನೊಂದು ತುದಿಯಲ್ಲಿ ನಿಲ್ಲುವುದು ಎಂದು ನಿಯಮ ಮಾಡಿದೆ. ಕಣ್ಣಿಗೆ ಬರುವುದು ಮೂಗಿನ ದಾರಿಯಿಂದಲೂ ಬಂದೀತು ಎಂದು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡೆ. ಅದರೊಳಗಿಂದ ಓದಿದರೆ ನನಗೇ ಸರಿಯಾಗಿ ಕೇಳುತ್ತಿರಲಿಲ್ಲ.

‘ಕಾಕಾ, ಯುದ್ಧಾ ಸಾರಿದ್ರೋ, ಊಟಕ್ಕ ಕರದ್ರೋ?’ ಎಂದು ರಾಜ ಆ ತುದಿಯಿಂದ ಕೂಗಿದ. ಅವನಿಗೆ ಆಗಲೇ ಕಣ್ಣು ಬಂದು ಇಳಿಯುತ್ತಿತ್ತು. ‘ಸ್ವಲ್ಪ ಹತ್ತಿರ ಬರ್ರಿ.’

‘ನೀ ಅಲ್ಲೇ ಇರು. ಈ ಕಡೆ ನೋಡಬ್ಯಾಡ.’

‘ನೋಡದ ಹೆಂಗ್ರಿ ಕಾಕಾ? ನಿಮ್ಮನ್ನ ನೋಡಿದ್ರನ ನನಗ ಮಾತು ಬರೂದು.’

ಇದೆಲ್ಲ ನೋಡಿದ ನಿರ್ದೇಶಕರು ನನ್ನನ್ನು ಮೆಟ್ಟಿಲ ಹತ್ತಿರ ಕರೆದು, ‘ನೀವು ತಾಲೀಮಿಗೆ ಬರೂದ ಬ್ಯಾಡ್ರಿ. ಕಣ್ಣ ಕಾಯ್ಕೊಂಡು ಮನ್ಯಾಗ ಇರ್ರಿ. ನಾಟಕದ ದಿನಾ ಬಂದ್ರ ಸಾಕು,’ ಎಂದರು. ನನ್ನ ಕಣ್ಣಿನ ಬೆಲೆ ಇಷ್ಟೆಂದು ತಿಳಿದು ನನಗೆ ಹೆಮ್ಮೆಯಾಯಿತು. ಹೆಂಡತಿಗೂ ಹೇಳಿದೆ. ಅವಳು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ‘ಕಣ್ಣ ಅಷ್ಟ ಚಲೋ ಇದ್ರ ಇದನ್ನಾರ ಆರಿಸಿ ಕೊಡ್ರಿ,’ ಎಂದಳು. ರೋಗ ಊರಲ್ಲಿ ಇರುವವರೆಗೂ ನಾನೇ ಅಕ್ಕಿ ಆರಿಸಿದೆ. ಆ ಹೊತ್ತಷ್ಟೂ ಮನಸ್ಸು ಸಮಾಧಾನವಾಗಿರುತ್ತಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ. ಆಗ ಅವಳಿಗೆ ಹೇಳಲಿಲ್ಲ.

ನಾಟಕದ ದಿನ ಬಂತು. ರೆಪ್ಪೆ ಅಂಟಿರಲಿಲ್ಲ. ಹಳಿ ಒಣಗಿತ್ತು. ಸಭಾಂಗಣ ತುಂಬಿತ್ತು, ರಾಜನ ಹೆಂಡತಿ ಮಕ್ಕಳು ಎರಡನೆಯ ಸಾಲಿನಲ್ಲಿ. ನಾನು ರಂಗದ ಬಲಗಡೆ ನನ್ನ ಸ್ಟೂಲಿನ ಮೇಲೆ ಹಸ್ತಪ್ರತಿ ತೆರೆದು, ಸೀಟಿ ಕೊರಳಿಗೆ ಹಾಕಿಕೊಂಡು ಕೂತೆ. ಎದುರು ಬದಿಯಲ್ಲಿ ಪರದೆಯ ಹಗ್ಗ ಹಿಡಿದವನಿಗೆ ಒಂದೇ ಆಜ್ಞೆ: ಸೀಟಿ ಕೇಳಿದರೆ ಬಿಡು, ಕೇಳದಿದ್ದರೆ ಪ್ರಳಯವಾದರೂ ಬಿಡಬೇಡ.

ರಾಜ ಪ್ರವೇಶಿಸಿದ. ನಾನು ಮೊದಲ ಮಾತು ಪಿಸುಗುಟ್ಟುವಷ್ಟರಲ್ಲಿ ಅವನು ಅದನ್ನು ಆಡಿ ಮುಂದಕ್ಕೆ ಹೋಗಿದ್ದ. ನನ್ನ ಕಡೆ ತಿರುಗಲೇ ಇಲ್ಲ. ರಾಣಿ, ಸೇನಾಪತಿ, ಕೊನೆಗೆ ದ್ವಾರಪಾಲಕ ಕೂಡ ಎಲ್ಲೂ ತಡವರಿಸಲಿಲ್ಲ. ಪಕ್ಕದಲ್ಲಿದ್ದ ನಿರ್ದೇಶಕರನ್ನು ನೋಡಿದೆ.

‘ನಿಮ್ಮನ್ನ ನಂಬಿ ಕುಂತ್ರ ಆಗ್ತಿತ್ತೇನ್ರಿ?’ ಎಂದರು ಮೆಲ್ಲಗೆ. ‘ಎಲ್ಲಾರನೂ ಅಂಗಡಿಯೊಳಗ ಕೂಡಿಸಿ ಬಾಯಿಪಾಠ ಮಾಡಿಸೇನಿ.’

ಹಸ್ತಪ್ರತಿ ಮುಚ್ಚಿದೆ. ಅಷ್ಟು ಜೋಪಾನ ಮಾಡಿದ ಕಣ್ಣಿಗೆ ಬೇರೆ ಕೆಲಸವಿರಲಿಲ್ಲ, ನಾಟಕ ನೋಡತೊಡಗಿದೆ. ಇಷ್ಟು ವರ್ಷ ನಾಟಕ ಮಾಡಿಸಿದ್ದರೂ ಒಂದನ್ನೂ ನೋಡಿರಲಿಲ್ಲ, ಕಣ್ಣು ಯಾವಾಗಲೂ ಅಕ್ಷರದ ಮೇಲೆ. ಕತೆ ಚೆನ್ನಾಗಿತ್ತು. ಕೋಟೆ ಬಿತ್ತು. ರಾಜ ಎದೆಗೆ ಬಾಣ ತಾಗಿ ಕುಸಿದ. ಮುಖವನ್ನು ಪೂರ್ತಿ ಪ್ರೇಕ್ಷಕರ ಕಡೆಗೇ ಇಟ್ಟು ಕೊನೆಯ ಮಾತು ಹೇಳಿದ. ಎರಡನೆಯ ಸಾಲಿನಲ್ಲಿ ಅವನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವನು ಸತ್ತ. ನಾನೂ ಸ್ಟೂಲಿನ ಮೇಲೆ ಮುಂದಕ್ಕೆ ಬಾಗಿದೆ. ಮುಂದೇನಾಗುತ್ತದೋ ಎಂದು ಕಾಯುತ್ತ ಕೂತೆ.

ಮುಂದೇನೂ ಆಗಲಿಲ್ಲ. ಸೇನಾಪತಿ ಶಿರ ಬಾಗಿಸಿ ನಿಂತೇ ಇದ್ದ. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಆಗ ಸತ್ತ ರಾಜನ ತಲೆ ಮೆಲ್ಲಗೆ ನನ್ನ ಕಡೆ ಹೊರಳಿತು. ಇನ್ನೂ ಅಂಚು ಕೆಂಪಗಿದ್ದ ಒಂದು ಕಣ್ಣು ತೆರೆದು, ನೇರ ನನ್ನ ಕಣ್ಣೊಳಗೇ ನೋಡಿತು. ಕೊನೆಯ ಸಾಲಿನವರಿಗೂ ಕೇಳುವಂತೆ ಮಾತಾಡಬೇಕು ಎಂದು ನಿರ್ದೇಶಕರು ಕಲಿಸಿದ್ದನ್ನು ಅವನು ಸತ್ತ ಮೇಲೂ ಮರೆತಿರಲಿಲ್ಲ.

‘ಕಾಕಾ, ಸೀಟಿ ಊದ್ರಿ. ಎಷ್ಟೊತ್ತಂತ ಸತ್ತಿರ್ಲಿ?’